ಈಡೇಲ್‌ನಿಂದ ಹೋಪ್‌ವರೆಗೆ ಬೆಟ್ಟದ ನಡಿಗೆ, ದಾರಿಯ ಪಬ್ಬುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಒಂದು ರೈಲು ನಿಲ್ದಾಣದಲ್ಲಿ ಇಳಿದು, ಬೆಟ್ಟದ ಏಣು ಹಿಡಿದು ನಡೆದು, ಎರಡು ಹಳ್ಳಿಗಳ ಪಬ್‌ನಲ್ಲಿ ಕೂತೆದ್ದು, ಅದೇ ಮಾರ್ಗದ ಮುಂದಿನ ನಿಲ್ದಾಣದಲ್ಲಿ ರೈಲು ಹತ್ತುವ ಒಂದು ದಿನದ ನಡಿಗೆ ಇದು. ಓದಲೆಂದೋ ಕೆಲಸಕ್ಕೆಂದೋ ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆ ಇರುವವರು, ಅವರ ಮನೆಗೆ ಊರಿನಿಂದ ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ದಾರಿ ಯಾವುದು? ಎಷ್ಟು ದೂರ?

ಈಡೇಲ್ ನಿಲ್ದಾಣ, ಮ್ಯಾಮ್ ಟಾರ್, ಹಾಲಿನ್ಸ್ ಕ್ರಾಸ್, ಬ್ಯಾಕ್ ಟಾರ್, ಲೂಸ್ ಹಿಲ್, ಅಲ್ಲಿಂದ ಇಳಿದು ಕ್ಯಾಸಲ್‌ಟನ್, ತೊರೆಯ ಪಕ್ಕ ಹಿಡಿದು ಹೋಪ್, ಕೊನೆಗೆ ಹೋಪ್ ನಿಲ್ದಾಣ. ಒಟ್ಟು ಸುಮಾರು 14 ಕಿ.ಮೀ., ಏರು ಎಲ್ಲ ಸೇರಿ ಸುಮಾರು 400 ಮೀಟರ್. ನಿಲ್ದಾಣದಿಂದ ಕಣಿವೆಯ ರಸ್ತೆಯಲ್ಲಿ ಸ್ವಲ್ಪ ಪಶ್ಚಿಮಕ್ಕೆ ಹೋಗಿ, ದಕ್ಷಿಣಕ್ಕೆ ತಿರುಗುವ ದಾರಿ ಹಿಡಿದು ಏರಿದರೆ ಮ್ಯಾಮ್ ಟಾರ್. ತುದಿಯಲ್ಲಿ ಸರ್ವೇ ಇಲಾಖೆಯ ಕಾಂಕ್ರೀಟ್ ಕಂಬ ಇದೆ. ಅಲ್ಲಿಂದ ಲೂಸ್ ಹಿಲ್‌ವರೆಗೆ ಏಣಿನ ಮೇಲೆಯೇ ಸುಮಾರು 3.5 ಕಿ.ಮೀ. ನಡಿಗೆ. ಎಡಕ್ಕೆ ಈಡೇಲ್ ಕಣಿವೆ, ಬಲಕ್ಕೆ ಹೋಪ್ ಕಣಿವೆ, ನಡುವೆ ನೀವು. ಸಿಮೆಂಟ್ ಕಾರ್ಖಾನೆಯ ಚಿಮಣಿ ಬಲಗಡೆ ಇದ್ದರೆ ದಾರಿ ಸರಿಯಿದೆ ಎಂದರ್ಥ.

ಹೋಪ್‌ನಿಂದ ಶುರು ಮಾಡಿ ಈಡೇಲ್‌ನಲ್ಲಿ ಮುಗಿಸಬಾರದೇ?

ಮುಗಿಸಬಹುದು, ಆದರೆ ಬೇಡ ಎನ್ನಲು ಎರಡು ಕಾರಣಗಳಿವೆ. ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯ ದಿಕ್ಕಿನಿಂದ ಬೀಸುತ್ತದೆ. ಪೂರ್ವಕ್ಕೆ ನಡೆದರೆ ಬೆನ್ನಿಗೆ, ಪಶ್ಚಿಮಕ್ಕೆ ನಡೆದರೆ ದಿನವಿಡೀ ಮುಖಕ್ಕೆ. ಇನ್ನು ಬ್ಯಾಕ್ ಟಾರ್‌ನಲ್ಲಿ ಒಂದು ಕಡಿದಾದ ತುಂಡು ಇದೆ. ಅದು ಜೇಡಿಮಣ್ಣು ಮತ್ತು ಸಡಿಲ ಕಲ್ಲಿನ ಜಾಗ. ಈಡೇಲ್ ಕಡೆಯಿಂದ ಬಂದರೆ ಅದನ್ನು ಏರಬೇಕು, ಹೋಪ್ ಕಡೆಯಿಂದ ಬಂದರೆ ಇಳಿಯಬೇಕು. ಮಳೆ ಬಿದ್ದ ಮರುದಿನ ಅದನ್ನು ಇಳಿಯುವವರಲ್ಲಿ ಅರ್ಧ ಜನ ಕೂತೇ ಇಳಿಯುತ್ತಾರೆ.

ಎಷ್ಟು ಹೊತ್ತು ಹಿಡಿಯುತ್ತದೆ? ಎಷ್ಟಕ್ಕೆ ಹೊರಡಬೇಕು?

ಇಡೀ ದಿನ ಕೆಡುವುದೂ ಒದಗುವುದೂ ಈ ಲೆಕ್ಕದ ಮೇಲೆಯೇ. ಮೊದಲು ಬೆಟ್ಟದ ಲೆಕ್ಕ ಮಾಡಿ, ಆಮೇಲೆ ಪಬ್ ನೋಡಿದರಾಯಿತು ಎಂದುಕೊಳ್ಳಬೇಡಿ. ಹಳ್ಳಿ ಪಬ್‌ನ ಅಡುಗೆಮನೆ ಬಾಗಿಲು ಹಾಕುವ ಹೊತ್ತನ್ನು ಮೊದಲು ತಿಳಿದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ.

ಬಾರ್ ಮಧ್ಯಾಹ್ನವಿಡೀ ತೆರೆದಿರಬಹುದು, ಅಡುಗೆಮನೆ ಹಾಗಲ್ಲ. ಬಹಳ ಕಡೆ 12ಕ್ಕೆ ಶುರುವಾಗಿ 2 ಅಥವಾ 2:30ಕ್ಕೆ ಒಲೆ ಆರುತ್ತದೆ. ಮತ್ತೆ ಸಂಜೆ 6ಕ್ಕೆ. 2:40ಕ್ಕೆ ಬೆವರೊರೆಸಿಕೊಂಡು ಒಳಗೆ ಬಂದವರಿಗೆ ಸಿಗುವುದು ಆಲೂಗಡ್ಡೆ ಚಿಪ್ಸಿನ ಪೊಟ್ಟಣ ಮಾತ್ರ. ವಾರಾಂತ್ಯಗಳಲ್ಲಿ ಕೆಲವು ಪಬ್‌ಗಳು ಇಡೀ ದಿನ ಊಟ ಕೊಡುತ್ತವೆ, ಕೆಲವು ಸೋಮವಾರ, ಮಂಗಳವಾರ ಬಾಗಿಲೇ ತೆರೆಯುವುದಿಲ್ಲ. ಹಿಂದಿನ ದಿನ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಊಟದ ಕೊನೆಯ ಆರ್ಡರ್ ಎಷ್ಟಕ್ಕೆ? ಇಷ್ಟು ಜನಕ್ಕೆ ಮೇಜು ಕಾದಿರಿಸಬೇಕೇ?

ಇನ್ನು ನಡಿಗೆಯ ವೇಗ. 1892ರಿಂದ ಬಳಕೆಯಲ್ಲಿರುವ ನೇಸ್ಮಿತ್ ಸೂತ್ರ ಹೇಳುವುದು ಹೀಗೆ: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 100 ಮೀಟರ್ ಏರಿಗೆ 10 ನಿಮಿಷ ಹೆಚ್ಚು. ಅದು ಕಾಲು ಪಳಗಿದವರ ಲೆಕ್ಕ. ಗುಂಪಿನಲ್ಲಿ ಫೋಟೊ ತೆಗೆಯುವವರು, ಬೂಟಿನ ಲೇಸ್ ಕಟ್ಟುವವರು ಇರುತ್ತಾರಾದ್ದರಿಂದ ಗಂಟೆಗೆ 4 ಕಿ.ಮೀ. ಇಟ್ಟುಕೊಳ್ಳಿ. ಈಡೇಲ್‌ನಿಂದ ಕ್ಯಾಸಲ್‌ಟನ್‌ಗೆ ಸುಮಾರು 10 ಕಿ.ಮೀ., ಎಂದರೆ ಎರಡೂವರೆ ಗಂಟೆ. ಏರಿಗೆ 40 ನಿಮಿಷ. ತುದಿಯಲ್ಲಿ ಕೂರಲು ಅರ್ಧ ಗಂಟೆ. ಬೆಳಿಗ್ಗೆ 9:30ಕ್ಕೆ ಹೊರಟರೆ 1:10ಕ್ಕೆ ಊಟದ ಮೇಜು. 10:30ಕ್ಕೆ ಹೊರಟರೆ ಒಬ್ಬರ ಮಂಡಿ ನೋವು ಸಾಕು, ಊಟ ತಪ್ಪುತ್ತದೆ.

ಊಟಕ್ಕೆ ಒಂದೂಕಾಲು ಗಂಟೆ ಬಿಡಿ. ಹೋಪ್‌ಗೆ 40 ನಿಮಿಷ, ಅಲ್ಲಿ ಇನ್ನೊಂದು ಪಬ್, ಅಲ್ಲಿಂದ ನಿಲ್ದಾಣಕ್ಕೆ 20 ನಿಮಿಷ. ಹೋಪ್ ನಿಲ್ದಾಣ ಹೋಪ್ ಊರಿನೊಳಗಿಲ್ಲ ಎಂಬುದನ್ನು ಮರೆತವರೇ ಹೆಚ್ಚಾಗಿ ರೈಲು ತಪ್ಪಿಸಿಕೊಳ್ಳುವುದು. ಅದು ಊರಿನ ಪೂರ್ವಕ್ಕೆ ಒಂದು ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿದೆ.

ಡಿಸೆಂಬರಿನಲ್ಲಿ ಇಲ್ಲಿ ಸಂಜೆ 4ರೊಳಗೆ ಸೂರ್ಯ ಮುಳುಗುತ್ತಾನೆ, ಜೂನಿನಲ್ಲಿ 9:30 ಆದರೂ ಬೆಳಕಿರುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಹೋಪ್‌ನ ಪಬ್ ಬಿಟ್ಟು ಹೊರಬರುವಾಗ ಕತ್ತಲೆಯೇ ಎಂದುಕೊಂಡು ತಲೆಗೆ ಕಟ್ಟುವ ಟಾರ್ಚ್ ಒಯ್ಯಿರಿ.

ಈಡೇಲ್‌ನಲ್ಲೇ ಪಬ್ ಇದೆಯಂತಲ್ಲ? ಅಲ್ಲೇ ಒಂದು ಪಿಂಟ್ ಹಾಕಿಕೊಂಡು ಹೊರಡಬಾರದೇ?

ನಿಲ್ದಾಣದ ಪಕ್ಕದಲ್ಲೇ ರ‍್ಯಾಂಬ್ಲರ್ ಇನ್, ಊರಿನ ಮೇಲ್ತುದಿಯಲ್ಲಿ ಓಲ್ಡ್ ನ್ಯಾಗ್ಸ್ ಹೆಡ್ ಇವೆ. ಬೆಳಿಗ್ಗೆ 9:30ಕ್ಕೆ ಬಾರ್ ತೆರೆದಿರುವುದಿಲ್ಲವಾದ್ದರಿಂದ ಪ್ರಶ್ನೆಯೇ ಏಳುವುದಿಲ್ಲ. ತೆರೆದಿದ್ದರೂ ಬೇಡ. ಏರುದಾರಿಗೆ ಮುಂಚೆ ಕುಡಿದ ಬಿಯರ್ ಅರ್ಧ ಬೆಟ್ಟದಲ್ಲಿ ಮೂತ್ರವಾಗಿ ಕಾಡುತ್ತದೆ. ಏಣಿನ ಮೇಲೆ ಮರೆಗೆ ಒಂದು ಪೊದೆಯೂ ಇಲ್ಲ.

ಓಲ್ಡ್ ನ್ಯಾಗ್ಸ್ ಹೆಡ್ ನೋಡಬೇಕೆಂಬ ಆಸೆಗೆ ಬೇರೆ ಕಾರಣ ಇದೆ. 1965ರಲ್ಲಿ ಉದ್ಘಾಟನೆಯಾದ ಪೆನೈನ್ ವೇ ಎಂಬ 431 ಕಿ.ಮೀ. ದಾರಿ ಈ ಪಬ್‌ನ ಎದುರು ಶುರುವಾಗಿ ಸ್ಕಾಟ್ಲೆಂಡಿನ ಕರ್ಕ್ ಯೆಟಮ್ ಹಳ್ಳಿಯ ಇನ್ನೊಂದು ಪಬ್‌ನ ಬಾಗಿಲಲ್ಲಿ ಮುಗಿಯುತ್ತದೆ. ಅದೇ ದಾರಿಯಲ್ಲಿ ಸಿಗುವ ಟ್ಯಾನ್ ಹಿಲ್ ಇನ್ ಬ್ರಿಟನ್ನಿನ ಅತಿ ಎತ್ತರದ ಪಬ್, 528 ಮೀಟರ್. ನೀವು ಇಂದು ಬೆವರಿಳಿಸಿ ಹತ್ತುವ ಮ್ಯಾಮ್ ಟಾರ್‌ಗಿಂತ ಅದು 11 ಮೀಟರ್ ಮೇಲಿದೆ!

ಮ್ಯಾಮ್ ಟಾರ್ ಬರೀ 517 ಮೀಟರ್. ಕುಮಾರ ಪರ್ವತ ಹತ್ತಿದವರಿಗೆ ಇದೇನು ಲೆಕ್ಕ?

ಹತ್ತುವುದು ಲೆಕ್ಕವಲ್ಲ, ಒಪ್ಪೋಣ. ಲೆಕ್ಕಕ್ಕೆ ಬರುವುದು ಗಾಳಿ ಮತ್ತು ಒದ್ದೆ. ಏಣಿನ ಮೇಲೆ ಮರಗಳಿಲ್ಲ. ಕೆಳಗೆ ನಿಲ್ದಾಣದಲ್ಲಿ 10 ಡಿಗ್ರಿ ಇದ್ದ ಅಕ್ಟೋಬರ್ ದಿನ ಮೇಲೆ ಗಾಳಿಗೆ ಕಿವಿ ಮರಗಟ್ಟುತ್ತದೆ. ಜೊತೆಗೆ ಹನಿಮಳೆ ಬಂದರೆ ಹತ್ತಿ ಬಟ್ಟೆ ತೊಟ್ಟವರು ನಡುಗಲು ಶುರು ಮಾಡುತ್ತಾರೆ.

ಬೆಟ್ಟಕ್ಕೇ 'ನಡುಗುವ ಬೆಟ್ಟ' ಎಂಬ ಅಡ್ಡಹೆಸರಿದೆ. ಜೇಡಿಪದರದ ಕಲ್ಲಿನ ಮೇಲೆ ಮರಳುಗಲ್ಲು ಕೂತಿರುವ ಬೆಟ್ಟ ಇದು. ನೀರು ಇಳಿದಾಗ ಕೆಳಗಿನ ಪದರ ಮೆತ್ತಗಾಗಿ ಮೇಲಿನದು ಜಾರುತ್ತದೆ. ಪೂರ್ವದ ಮೈ ಹಾಗೆಯೇ ಕುಸಿದು ಕುಸಿದು, ಅದರ ಬುಡದಲ್ಲಿದ್ದ ಹೆದ್ದಾರಿಯನ್ನು 1979ರಲ್ಲಿ ವಾಹನಗಳಿಗೆ ಶಾಶ್ವತವಾಗಿ ಮುಚ್ಚಬೇಕಾಯಿತು. ಮುರಿದ ಡಾಂಬರು ಈಗಲೂ ಮೆಟ್ಟಿಲು ಮೆಟ್ಟಿಲಾಗಿ ಬಿದ್ದಿದೆ. ಫೋಟೊಗಾಗಿ ಆ ಅಂಚಿಗೆ ಹೋಗಬೇಡಿ.

ಏನು ತೊಡಬೇಕು, ಏನು ಒಯ್ಯಬೇಕು?

ಹಿಮ್ಮಡಿ ಹಿಡಿಯುವ, ಆಳ ಗೆರೆಗಳ ಅಟ್ಟೆಯ ಬೂಟು. ಏಣಿನ ಮೇಲೆ ಬಹುಪಾಲು ಕಲ್ಲುಚಪ್ಪಡಿ ಹಾಸಿದ್ದಾರೆ, ಅಲ್ಲಿ ಯಾವ ಶೂ ಆದರೂ ನಡೆಯುತ್ತದೆ. ಕೆಳಗಿನ ಹೊಲಗಳಲ್ಲಿ ನಡೆಯುವುದಿಲ್ಲ. ಉಣ್ಣೆ ಅಥವಾ ಸಿಂಥೆಟಿಕ್ ಕಾಲುಚೀಲ ಎರಡು ಜೊತೆ. ಊಟಕ್ಕೆ ಕೂರುವ ಮುಂಚೆ ಒಣ ಜೊತೆಗೆ ಬದಲಾಯಿಸಿದರೆ ಉಳಿದ 4 ಕಿ.ಮೀ. ಹಗುರ. ಜೀನ್ಸ್ ಬೇಡ, ಒದ್ದೆಯಾದರೆ ಸಂಜೆವರೆಗೂ ಒಣಗದು. ಮಳೆಕೋಟು, ತಲೆಗೆ ಟೋಪಿ, ತಲಾ ಒಂದೂವರೆ ಲೀಟರ್ ನೀರು, ಒಂದಿಷ್ಟು ತಿಂಡಿ. ಕೊಡೆ ಮನೆಯಲ್ಲೇ ಇರಲಿ, ಮೇಲಿನ ಗಾಳಿಗೆ ಅದು ತಿರುಗಿ ಹೂವಾಗುತ್ತದೆ.

ಯಾರದೋ ಹೊಲದೊಳಗೆ ನಡೆದರೆ ಬೈಯುವುದಿಲ್ಲವೇ?

ಹಕ್ಕಿನ ದಾರಿಯಲ್ಲಿ ನಡೆದರೆ ಬೈಯುವಂತಿಲ್ಲ. ಜಮೀನು ಯಾರದ್ದಾದರೂ ಇರಲಿ, ಅದರೊಳಗೆ ಹಾದುಹೋಗುವ ಸಾರ್ವಜನಿಕ ಕಾಲುದಾರಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ. ಕಂಬದ ಮೇಲೆ ಹಳದಿ ಬಾಣ ಇದ್ದರೆ ಕಾಲುದಾರಿ, ನೀಲಿ ಬಾಣ ಇದ್ದರೆ ಕುದುರೆ, ಸೈಕಲ್‌ಗೂ ಬಿಟ್ಟ ದಾರಿ. ಇಲ್ಲಿನ ಸರ್ವೇ ಇಲಾಖೆಯಾದ ಆರ್ಡ್ನನ್ಸ್ ಸರ್ವೇಯ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಇವು ಹಸಿರು ಗೀಟುಗಳು. ಈ ಪ್ರದೇಶಕ್ಕೆ ಬೇಕಾದದ್ದು ಓಎಲ್ 1 ಸಂಖ್ಯೆಯ ಹಾಳೆ. ಅದರ ಮೇಲೆ 4 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಫೋನ್‌ನಲ್ಲೂ ಆ ನಕ್ಷೆ ಸಿಗುತ್ತದೆ, ಆದರೆ ಕಣಿವೆಯಲ್ಲಿ ಸಿಗ್ನಲ್ ಬಂದುಹೋಗಿ ಮಾಡುತ್ತದೆ, ಆದ್ದರಿಂದ ಮೊದಲೇ ಇಳಿಸಿಕೊಳ್ಳಿ.

ನಕ್ಷೆಯಲ್ಲಿ ತಿಳಿಹಳದಿ ಬಣ್ಣ ಬಳಿದ ಬೆಟ್ಟಪ್ರದೇಶದಲ್ಲಿ ದಾರಿ ಬಿಟ್ಟೂ ಅಲೆಯಬಹುದು. ಈ ಹಕ್ಕು ಪುಕ್ಕಟೆ ಬಂದದ್ದಲ್ಲ. 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಮುಂದಾಳಾಗಿ ನೂರಾರು ಕಾರ್ಮಿಕ ಯುವಕರು ಇಲ್ಲೇ ಎದುರಿಗೆ ಕಾಣುವ ಕಿಂಡರ್ ಸ್ಕೌಟ್ ಬೆಟ್ಟಕ್ಕೆ, ಜಮೀನ್ದಾರರ ಕಾವಲುಗಾರರನ್ನು ಲೆಕ್ಕಿಸದೆ ನುಗ್ಗಿದರು. ಐವರಿಗೆ ಜೈಲಾಯಿತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಬೆಟ್ಟಗಳಲ್ಲಿ ಅಲೆಯುವ ಹಕ್ಕು ಕಾನೂನಾದದ್ದು 2000ದಲ್ಲಿ. ಲೂಸ್ ಹಿಲ್ ತುದಿಯ ಜಾಗಕ್ಕೆ 'ವಾರ್ಡ್ಸ್ ಪೀಸ್' ಎಂಬ ಹೆಸರಿದೆ. ಇಂಥದೇ ಹೋರಾಟ ಮಾಡಿದ ಶೆಫೀಲ್ಡಿನ ಜಿ.ಎಚ್.ಬಿ. ವಾರ್ಡ್ ಅವರದು ಆ ಹೆಸರು.

ಬೇಲಿ ದಾಟಲು ಅಲ್ಲಲ್ಲಿ ಮರದ ಮೆಟ್ಟಿಲುಗಳಿರುತ್ತವೆ. ಕರಾವಳಿ, ಮಲೆನಾಡಿನವರಿಗೆ ತಡಮೆ ಎಂದರೆ ಸಾಕು. ಒದ್ದೆ ಹಲಗೆಯ ನಡುವೆ ಕಾಲಿಡಬೇಡಿ, ಕಂಬದ ಹತ್ತಿರ ಇಡಿ; ಜಾರುವುದು ನಡುವೆಯೇ. ಗೇಟು ಹೇಗಿತ್ತೋ ಹಾಗೇ ಬಿಡಿ: ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದಿಡಿ.

ಹೊಲದಲ್ಲಿ ದನಗಳಿದ್ದರೆ?

ನಮ್ಮ ದನಗಳ ಹಾಗೆ ಇವಕ್ಕೆ ಜನರ ಒಡನಾಟ ಇರುವುದಿಲ್ಲ. ಕರು ಜೊತೆಗಿರುವ ಹಸು, ಅದರಲ್ಲೂ ನಿಮ್ಮ ಬಳಿ ನಾಯಿ ಇದ್ದರೆ, ಮೈಮೇಲೆ ಬರಬಹುದು. ತಾಯಿಗೂ ಕರುವಿಗೂ ನಡುವೆ ಹೋಗಬೇಡಿ, ಓಡಬೇಡಿ, ಬದಿಯಿಂದ ಸುತ್ತಿ ಹೋಗಿ. ನಾಯಿಯನ್ನು ಹಗ್ಗದಲ್ಲಿ ಹಿಡಿದಿರಿ. ಹಸು ಅಟ್ಟಿಸಿಕೊಂಡು ಬಂದರೆ ಮಾತ್ರ ಹಗ್ಗ ಬಿಟ್ಟುಬಿಡಿ. ನಾಯಿ ತಪ್ಪಿಸಿಕೊಳ್ಳುತ್ತದೆ, ನೀವೂ ಉಳಿಯುತ್ತೀರಿ.

ಉಂಬಳ ಇವೆಯೇ?

ಮಲೆನಾಡಿನ ಹಾಗೆ ಕಾಲಿಗೆ ಹತ್ತುವ ಉಂಬಳದ ಕಾಟ ಇಲ್ಲ. ಉಣುಗು ಇವೆ. ಬೇಸಿಗೆಯಲ್ಲಿ ಜರಿಗಿಡದ ನಡುವೆ ಬರಿಗಾಲು ತೋರಿಸಿಕೊಂಡು ಹೋದವರಿಗೆ ಹತ್ತುತ್ತವೆ. ಮಂಗನ ಕಾಯಿಲೆ ಕಂಡವರಿಗೆ ಉಣುಗಿನ ವಿಷಯ ಹೇಳಬೇಕಿಲ್ಲ. ಇಲ್ಲಿ ಅದು ತರುವುದು ಲೈಮ್ ಕಾಯಿಲೆ. ಮನೆಗೆ ಬಂದು ಮಂಡಿಯ ಹಿಂಬದಿ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಕಚ್ಚಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿಯ ಪ್ರಯೋಗ ಬೇಡ. ಮುಂದಿನ ವಾರಗಳಲ್ಲಿ ಆ ಜಾಗದಲ್ಲಿ ಕೆಂಪು ಹರಡಿದರೆ ವೈದ್ಯರಿಗೆ ತೋರಿಸಿ.

ಪಬ್‌ನಲ್ಲಿ ಹತ್ತು ನಿಮಿಷ ಕೂತಿದ್ದರೂ ಯಾರೂ ಬಂದು ಕೇಳಲಿಲ್ಲ. ಯಾಕೆ?

ಕೇಳುವುದಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪಬ್ ಅಲ್ಲ ಇದು. ಕೌಂಟರಿಗೆ ನೀವೇ ಹೋಗಬೇಕು, ಅಲ್ಲೇ ದುಡ್ಡು ಕೊಡಬೇಕು, ಗ್ಲಾಸು ನೀವೇ ತರಬೇಕು. ಊಟವನ್ನೂ ಅಲ್ಲೇ ಹೇಳುವುದು. ಹೇಳುವ ಮುಂಚೆ ಮೇಜಿನ ಮೇಲೆ ಕೊರೆದ ಅಥವಾ ಅಂಟಿಸಿದ ನಂಬರ್ ನೋಡಿಕೊಂಡು ಹೋಗಿ. ಊಟ ಮೇಜಿಗೆ ಬರುತ್ತದೆ.

ಕೌಂಟರಿನ ಮುಂದೆ ಸಾಲು ಕಾಣುವುದಿಲ್ಲ, ಆದರೆ ಸಾಲು ಇದೆ. ಯಾರು ಯಾರಿಗಿಂತ ಮೊದಲು ಬಂದರೆಂದು ನಿಂತವರಿಗೆಲ್ಲ ಗೊತ್ತು. ನಿಮ್ಮನ್ನು ತಪ್ಪಾಗಿ ಮೊದಲು ಕೇಳಿದರೆ ಪಕ್ಕದವರತ್ತ ಕೈ ತೋರಿಸಿ. ನೋಟು ಆಡಿಸುವುದು, ಚಿಟಿಕೆ ಹೊಡೆಯುವುದು ಮಾಡಿದರೆ ಕೊನೆಗೆ ಉಳಿಯುವವರು ನೀವೇ. ಗೆಳೆಯರು ಸರದಿಯ ಮೇಲೆ ಎಲ್ಲರಿಗೂ ಕೊಡಿಸುವ ಪದ್ಧತಿ ಇದೆ. ನಾಲ್ವರಿದ್ದರೆ ನಾಲ್ಕು ಸುತ್ತು ಎಂದಾಗಿಬಿಡುತ್ತದೆ. ಮುಂದೆ ನಡಿಗೆ ಉಳಿದಿರುವಾಗ ಅದು ಬೇಡ, ಅವರವರದು ಅವರವರು ಎಂದು ಮೊದಲೇ ಮಾತಾಡಿಕೊಳ್ಳಿ. ಟಿಪ್ಸ್ ಕಡ್ಡಾಯವಲ್ಲ. ಹೊರಡುವಾಗ ಖಾಲಿ ಗ್ಲಾಸನ್ನು ಕೌಂಟರಿಗೆ ತಂದಿಟ್ಟರೆ ಸಾಕು, ನಿಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ.

ಬಿಯರ್ ಬೆಚ್ಚಗಿದೆ, ಗ್ಯಾಸೂ ಇಲ್ಲ. ಹಳಸಿದ್ದೇ?

ಬಹುಶಃ ಅಲ್ಲ. ಕಾಸ್ಕ್ ಏಲ್ ಎಂಬುದು ನೆಲಮಾಳಿಗೆಯ ಪೀಪಾಯಿಯಲ್ಲಿ ಇನ್ನೂ ಹುಳಿಯುತ್ತಲೇ ಇರುವ ಬಿಯರ್. ಹೊರಗಿನಿಂದ ಗ್ಯಾಸ್ ತುಂಬುವುದಿಲ್ಲ. 11ರಿಂದ 13 ಡಿಗ್ರಿಯಲ್ಲಿ ಇಡುತ್ತಾರೆ: ಫ್ರಿಜ್‌ಗಿಂತ ಬೆಚ್ಚಗೆ, ಕೋಣೆಗಿಂತ ತಂಪು. ಕೌಂಟರಿನ ಮೇಲೆ ಎದ್ದು ನಿಂತ ಉದ್ದ ಹಿಡಿಕೆಯೇ ಅದರ ಗುರುತು. ಹಿಡಿಕೆಯನ್ನು ನಿಧಾನವಾಗಿ ತಮ್ಮತ್ತ ಎಳೆದಾಗ ಗ್ಲಾಸಿನಲ್ಲಿ ಮೊದಲು ಎಲ್ಲವೂ ಹಾಲಿನಂತೆ ಕದಡಿ, ಆಮೇಲೆ ತಳದಿಂದ ಮೇಲಕ್ಕೆ ಜೇನುಬಣ್ಣ ತಿಳಿಯಾಗುತ್ತಾ ಬಂದು, ನೊರೆ ಒಂದು ಬೆರಳು ದಪ್ಪಕ್ಕೆ ನಿಲ್ಲುತ್ತದೆ. ಆ ಅರ್ಧ ನಿಮಿಷ ಕಾಯಿರಿ. ನೊರೆ ಎರಡು ಬೆರಳಾದರೆ 'ಟಾಪ್ ಅಪ್ ಪ್ಲೀಸ್' ಎನ್ನಿ, ತುಂಬಿಸಿಕೊಡುತ್ತಾರೆ.

ವಿನೆಗರ್ ವಾಸನೆ ಬಂದರೆ, ಮೂರು ನಿಮಿಷವಾದರೂ ಮಂಕಾಗಿಯೇ ಇದ್ದರೆ ಅದು ಹಾಳಾದದ್ದು. ತೆರೆದ ಪೀಪಾಯಿ ಸುಮಾರು ಮೂರು ದಿನದಲ್ಲಿ ಮುಗಿಯಬೇಕು; ಗಿರಾಕಿ ಕಡಿಮೆ ಇರುವ ಪಬ್‌ನಲ್ಲಿ ಅದು ಉಳಿದು ಹುಳಿಯಾಗುತ್ತದೆ. ಒಂದು ಗುಟುಕು ಕುಡಿದ ಕೂಡಲೇ ವಾಪಸ್ ಒಯ್ದು ಹೇಳಿ, ಬದಲಾಯಿಸಿ ಕೊಡುವುದು ರೂಢಿ. ಮುಕ್ಕಾಲು ಕುಡಿದು ಹೇಳಿದರೆ ಯಾರೂ ನಂಬುವುದಿಲ್ಲ. ಹೆಚ್ಚು ಹಿಡಿಕೆಗಳಿರುವ ಖಾಲಿ ಪಬ್‌ಗಿಂತ ಎರಡೇ ಹಿಡಿಕೆಯ ತುಂಬಿದ ಪಬ್ ಮೇಲು.

ಆರಂಭಕ್ಕೆ 'ಬಿಟರ್' ಕೇಳಿ. ಹೆಸರು ಹೆದರಿಸುತ್ತದೆ, ರುಚಿಯಲ್ಲಿ ಅಷ್ಟು ಕಹಿ ಇಲ್ಲ. ಐಪಿಎ ಎಂಬ ಇನ್ನೊಂದು ಬಗೆಯ ಬಿಯರಿನ ಹೆಸರಲ್ಲಿನ 'ಐ' ಇಂಡಿಯಾವೇ. ಇಲ್ಲಿಂದ ಹಡಗಿನಲ್ಲಿ ಭಾರತಕ್ಕೆ ಕಳುಹಿಸುತ್ತಿದ್ದ ಬಿಯರಿನಿಂದ ಬಂದ ಹೆಸರು.

ಎಷ್ಟು ಕುಡಿಯಬಹುದು?

ಒಂದು ಪಿಂಟ್ ಎಂದರೆ 568 ಮಿ.ಲೀ. 4% ಬಿಯರಿನ ಪಿಂಟಿನಲ್ಲಿ ಸುಮಾರು 2.3 ಯೂನಿಟ್ ಮದ್ಯಸಾರ ಇರುತ್ತದೆ. ವಾರಕ್ಕೆ 14 ಯೂನಿಟ್ ದಾಟಬಾರದೆಂಬುದು ಇಲ್ಲಿನ ವೈದ್ಯಾಧಿಕಾರಿಗಳ ಸಲಹೆ. ಕ್ಯಾಸಲ್‌ಟನ್‌ನಲ್ಲಿ ಅರ್ಧ ಪಿಂಟ್, ಹೋಪ್‌ನಲ್ಲಿ ಒಂದು ಪಿಂಟ್: ಇದು ಸರಿಯಾದ ಹಂಚಿಕೆ. ಅರ್ಧ ಕೇಳಿದರೆ ಯಾರೂ ಕೀಳಾಗಿ ನೋಡುವುದಿಲ್ಲ. ಹೋಪ್‌ಗೆ ಹೋಗುವ ದಾರಿಯಲ್ಲಿ ಸಿಮೆಂಟ್ ಕಾರ್ಖಾನೆಯ ರೈಲು ಹಳಿಯನ್ನು ಕಾಲ್ನಡಿಗೆಯಲ್ಲೇ ದಾಟಬೇಕು. ನಿಂತು, ಎರಡೂ ಕಡೆ ನೋಡಿ, ಕಿವಿಗೊಟ್ಟು ದಾಟುವಷ್ಟು ಎಚ್ಚರ ಉಳಿದಿರಬೇಕು. ಕಾರು ತಂದವರು ಕುಡಿಯಲೇಬೇಡಿ. ರೈಲಿರುವಾಗ ಕಾರು ಯಾಕೆ ಎಂಬುದು ಬೇರೆ ಪ್ರಶ್ನೆ.

ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ?

ಸಿಗುತ್ತದೆ, ಆದರೆ ಕೇಳಿ ತಿನ್ನಬೇಕು. ಮೆನುವಿನಲ್ಲಿ 'ವಿ' ಗುರುತು ಇದ್ದರೂ ಮೊಟ್ಟೆ ಇರಬಹುದು; ಇಲ್ಲಿ ಮೊಟ್ಟೆಯೂ ಸಸ್ಯಾಹಾರ. ಉಬ್ಬಿದ ಬಟ್ಟಲಿನಂಥ ಯಾರ್ಕ್‌ಷೈರ್ ಪುಡ್ಡಿಂಗ್ ಮೊಟ್ಟೆಯಿಲ್ಲದೆ ಆಗುವುದೇ ಇಲ್ಲ. ತರಕಾರಿ ಸೂಪ್ ಆದರೂ ಕೋಳಿ ಸಾರಿನಲ್ಲಿ ಮಾಡಿದ್ದಿರಬಹುದು. ಉತ್ತರ ಇಂಗ್ಲೆಂಡಿನಲ್ಲಿ ಆಲೂಗಡ್ಡೆ ಚಿಪ್ಸನ್ನು (ಪೊಟ್ಟಣದ್ದಲ್ಲ, ಫ್ರೆಂಚ್ ಫ್ರೈಸ್‌ನಂಥದು) ದನದ ಕೊಬ್ಬಿನಲ್ಲಿ ಕರಿಯುವವರು ಇನ್ನೂ ಇದ್ದಾರೆ, ಇದನ್ನಂತೂ ಕೇಳಲೇಬೇಕು. ಕಂದು ಗ್ರೇವಿ ಮಾಂಸದ ರಸದ್ದು. ಭಾನುವಾರದ ರೋಸ್ಟ್‌ಗೆ ಬದಲಾಗಿ ಬೀಜ, ಕಾಳುಗಳ ನಟ್ ರೋಸ್ಟ್ ಇರುತ್ತದೆ, ಅದಕ್ಕೆ ಬೇರೆ ಗ್ರೇವಿ ಕೇಳಿ ಪಡೆಯಿರಿ.

ಹೆಚ್ಚು ಚಿಂತೆಯಿಲ್ಲದ ಆಯ್ಕೆ ಸಿಪ್ಪೆ ಸಮೇತ ಬೇಯಿಸಿದ ದೊಡ್ಡ ಆಲೂಗಡ್ಡೆ: ಮಧ್ಯೆ ಸೀಳಿ ಬೆಣ್ಣೆ, ಬೀನ್ಸ್, ಚೀಸ್ ಹಾಕಿ ಕೊಡುತ್ತಾರೆ. 'ಪ್ಲೌಮನ್ಸ್' ಎಂದರೆ ಬ್ರೆಡ್, ಚೀಸ್, ಸಿಹಿಹುಳಿ ಉಪ್ಪಿನಕಾಯಿ, ಈರುಳ್ಳಿಯ ತಟ್ಟೆ. ಹಂದಿಮಾಂಸ ಇಡಬೇಡಿ ಎಂದು ಹೇಳಿ.

ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿದಿಲ್ಲ. ಕಾಸ್ಕ್ ಏಲನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನು ಹಾಕುವುದು ಹಳೆಯ ಪದ್ಧತಿ. ಬೇಡವೆನ್ನುವವರು 'ವೀಗನ್' ಅಥವಾ 'ಅನ್‌ಫೈನ್ಡ್' ಎಂದು ಬರೆದದ್ದನ್ನು ಆರಿಸಿ.

ಕುಡಿಯದವರು, ಮಕ್ಕಳು ಬಂದರೆ ಮುಜುಗರವೇ?

ಇಲ್ಲ. ಚಹಾ, ಕಾಫಿ, ನಿಂಬೆ ಶರಬತ್ತಿನ ಗಿರಾಕಿಗಳು ಎಲ್ಲ ಪಬ್‌ನಲ್ಲೂ ಇದ್ದಾರೆ. ಊಟ ಕೊಡುವ ಪಬ್‌ಗಳು ದೊಡ್ಡವರ ಜೊತೆಗಿರುವ ಮಕ್ಕಳನ್ನು ಸಾಮಾನ್ಯವಾಗಿ ಒಳಗೆ ಬಿಡುತ್ತವೆ, ರಾತ್ರಿ ಮಾತ್ರ ಕೆಲವರು ಬಿಡುವುದಿಲ್ಲ. 18 ದಾಟಿದ್ದರೂ ಎಳೆಮುಖದವರು ಗುರುತಿನ ಚೀಟಿ ತನ್ನಿ. 25ಕ್ಕಿಂತ ಕಡಿಮೆ ಕಂಡರೆ ಕೇಳುತ್ತಾರೆ. ಚಿಕ್ಕ ಮಕ್ಕಳಿದ್ದರೆ ಮ್ಯಾಮ್ ಟಾರ್, ಲೂಸ್ ಹಿಲ್ ಎರಡನ್ನೂ ಬಿಟ್ಟು, ಈಡೇಲ್‌ನಿಂದ ನೇರ ಹಾಲಿನ್ಸ್ ಕ್ರಾಸ್ ಏರಿ ಕ್ಯಾಸಲ್‌ಟನ್‌ಗೆ ಇಳಿಯಿರಿ. ಒಟ್ಟು ಸುಮಾರು 9 ಕಿ.ಮೀ.ಗೆ ಮುಗಿಯುತ್ತದೆ.

ಕೆಸರು ಬೂಟಿನಲ್ಲಿ ಒಳಗೆ ಹೋಗಬಹುದೇ?

ಬಾಗಿಲಲ್ಲಿ ಏನು ಬರೆದಿದೆ ನೋಡಿ. ಕಲ್ಲು ಹಾಸಿದ ಕೋಣೆಯಿದ್ದರೆ ಬಿಡುತ್ತಾರೆ, ರತ್ನಗಂಬಳಿ ಇದ್ದರೆ ಇಲ್ಲ. ಬಿಚ್ಚಿ ಹೊರಗಿಟ್ಟು ಕಾಲುಚೀಲದಲ್ಲೇ ಹೋದರೂ ಯಾರೂ ಏನೂ ಅನ್ನುವುದಿಲ್ಲ.

ನ್ಯಾಗ್ಸ್ ಹೆಡ್‌ನಲ್ಲಿ ಸಿಗೋಣ ಎಂದಿದ್ದ ಗೆಳೆಯ ಅಲ್ಲಿ ಇರಲೇ ಇಲ್ಲ. ಏನಾಯಿತು?

ಅವನು ಇನ್ನೊಂದು ನ್ಯಾಗ್ಸ್ ಹೆಡ್‌ನಲ್ಲಿದ್ದ. ಈಡೇಲ್‌ನಲ್ಲೊಂದು, ಕ್ಯಾಸಲ್‌ಟನ್‌ನಲ್ಲೊಂದು ಇವೆ, ನಡುವೆ ಬೆಟ್ಟ. ಚೆಷೈರ್ ಚೀಸ್ ಎಂಬ ಹೆಸರಿನವೂ ಎರಡು: ಕ್ಯಾಸಲ್‌ಟನ್‌ನಲ್ಲಿ ಮತ್ತು ಹೋಪ್‌ನಲ್ಲಿ. ಪಬ್ ಹೆಸರಿನ ಜೊತೆಗೆ ಊರಿನ ಹೆಸರನ್ನೂ ಬರೆದು ಕಳುಹಿಸಿ.

ಬೆಟ್ಟದಲ್ಲಿ ಯಾರಿಗಾದರೂ ಕಾಲು ಮುರಿದರೆ?

999ಕ್ಕೆ ಕರೆ ಮಾಡಿ, ಮೊದಲು 'ಪೊಲೀಸ್' ಎನ್ನಿ, ಅವರಿಗೆ 'ಮೌಂಟನ್ ರೆಸ್ಕ್ಯೂ' ಬೇಕು ಎನ್ನಿ. ನೇರ ಆಂಬ್ಯುಲೆನ್ಸ್ ಕೇಳಿದರೆ ಅದು ರಸ್ತೆಯವರೆಗೆ ಬಂದು ನಿಲ್ಲುತ್ತದೆ. ನೀವಿರುವ ಜಾಗ ತೋರಿಸುವ, ನಕ್ಷೆಯ ಗ್ರಿಡ್ ಸಂಖ್ಯೆ ಹೇಳಲು ಸಿದ್ಧವಾಗಿರಿ. ಸಿಗ್ನಲ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಬಾರಿ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ. ಬರುವವರು ಸ್ವಯಂಸೇವಕರು, ಹಣ ಕೇಳುವುದಿಲ್ಲ. ಅವರು ಬರುವವರೆಗೆ ಗಾಯಗೊಂಡವರನ್ನು ಬರಿನೆಲದ ಮೇಲೆ ಕೂರಿಸಬೇಡಿ. ಚೀಲ, ಕೋಟು ಏನಾದರೂ ಅಡಿಗೆ ಹಾಕಿ. ಕಲ್ಲಿನ ತಣ್ಣನೆ ಬೇಗ ಮೈಗೇರುತ್ತದೆ.

ಹೋಪ್‌ನಲ್ಲಿ ರೈಲು ತಪ್ಪಿದರೆ?

ಈ ಮಾರ್ಗದಲ್ಲಿ ನಿಂತು ನಿಂತು ಹೋಗುವ ರೈಲು ಹೆಚ್ಚಾಗಿ ಗಂಟೆಗೊಂದು. ನಿಲ್ದಾಣದಲ್ಲಿ ಚಿಕ್ಕ ಚಾವಣಿ ಬಿಟ್ಟರೆ ಬೇರೇನೂ ಇಲ್ಲ. ಚಳಿಯಲ್ಲಿ ಅಲ್ಲಿ ಕಾಯುವ ಬದಲು ಪಬ್ಬಿನಲ್ಲೇ ಫೋನ್‌ನಲ್ಲಿ ರೈಲು ಎಲ್ಲಿದೆ ನೋಡಿಕೊಂಡು, 25 ನಿಮಿಷ ಮುಂಚೆ ಎದ್ದು ಹೊರಡಿ. ಮ್ಯಾಂಚೆಸ್ಟರ್ ಕಡೆಗೂ ಶೆಫೀಲ್ಡ್ ಕಡೆಗೂ ಬೇರೆ ಬೇರೆ ಪ್ಲಾಟ್‌ಫಾರಂ, ನಡುವೆ ಮೇಲ್ಸೇತುವೆ ಇದೆ. ಯಾವ ಕಡೆ ನಿಲ್ಲಬೇಕೆಂದು ಕತ್ತಲಾಗುವ ಮುಂಚೆ ನೋಡಿಟ್ಟುಕೊಳ್ಳಿ.